ಬಟ್ಟೆ ಹಗ್ಗದ ರೇಸು

"ಆ ಕಡೆ ತುದಿ ಬಿಗಿಯಾಗಿ ಹಿಡ್ಕಳ್ರೀ, ನೆಲಕ್ಕೆ ತಾಗ್ತೈತೆ," ಎಂದರು ಶಮೀಮ್. ಸಮೀವುಲ್ಲಾ ಒದ್ದೆ ಜಮಖಾನೆಯ ತುದಿಯನ್ನು ಬಿಗಿಹಿಡಿದರು. ಗಂಡಹೆಂಡತಿ ಎದುರುಬದುರು ನಿಂತು ತಿರುಚಿದಾಗ ನೀರು ಹಿತ್ತಲ ಕಲ್ಲಿನ ಮೇಲೆ ಸುರಿಯಿತು. ಹಗ್ಗದ ಮೇಲೆ ಆಗಲೇ ಆರು ಬಟ್ಟೆ ಒಣಗುತ್ತಿದ್ದವು.

ಗಂಜಾಂನ ಆ ಬೀದಿಯಲ್ಲಿ ಬೈಕು ನಿಂತ ಸದ್ದಾಯಿತು. ಧರ್ಮೇಂದ್ರ ಬಂದಿದ್ದ. ತೊಣ್ಣೂರಿನ ಕಡೆಯವನು. ಸುತ್ತಮುತ್ತ ಎಲ್ಲಿ ಎತ್ತಿನ ಗಾಡಿ ಓಟ ನಡೆದರೂ ಮೈಕು ಹಿಡಿಯುವುದು ಅವನೇ. ಕುದುರೆ ರೇಸಿನ ವಿವರಣೆ ಹೇಳುವುದನ್ನು ಕಲಿಯಬೇಕೆಂದು ಒಂದು ವರ್ಷದಿಂದ ಪ್ರತಿ ಬುಧವಾರ ಸಮೀವುಲ್ಲಾರ ಮನೆಗೆ ಬರುತ್ತಿದ್ದ. ಕಲಿಯುವುದಕ್ಕಿಂತ ಪ್ರಶ್ನೆ ಕೇಳುವುದೇ ಅವನಿಗೆ ಹೆಚ್ಚು.

"ಸಾಬ್ರೇ, ಅಷ್ಟು ದೂರದಿಂದ ಕುದ್ರೆ ನಂಬರ್ ಎಂಗ್ ಕಾಣ್ತದೆ ನಿಮ್ಗೆ?"

"ನಂಬರ್ ಯಾವನ್ಲಾ ನೋಡ್ತಾನೆ? ಸವಾರನ ಅಂಗಿ ಬಣ್ಣ ನೋಡ್ಬೇಕು. ಬೆಳಿಗ್ಗೆ ಎದ್ದು ಯಾವ ಕುದ್ರೆಗೆ ಯಾವ ಅಂಗಿ ಅಂತ ಬಾಯಿಪಾಠ ಮಾಡ್ಬೇಕು. ಓಟ ಮುಗೀತಿದ್ದಂಗೆ ಅಷ್ಟೂ ಮರ್ತು, ಮುಂದಿನ ಓಟದ್ದು ತುಂಬ್ಕೋಬೇಕು."

ಸಮೀವುಲ್ಲಾರಿಗೆ ಕುದುರೆ ರೇಸಿನಲ್ಲಿ ಮೈಕು ಹಿಡಿಯುವ ಕೆಲಸ ಸಿಕ್ಕಿದ್ದು ಬಸ್‌ಸ್ಟ್ಯಾಂಡಿನಲ್ಲಿ. ತಂದೆ ಜಟಕಾ ಓಡಿಸುತ್ತಿದ್ದರು. ಮಗ ಖಾಸಗಿ ಬಸ್ಸುಗಳಿಗೆ ಜನ ಕರೆಯುತ್ತಿದ್ದ. "ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ!" ಒಂದೇ ಉಸಿರಿನಲ್ಲಿ ಕೂಗಿದರೂ ಒಂದಕ್ಷರ ನುಂಗುತ್ತಿರಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ರೇಸು ನಡೆಸುವ ಯಜಮಾನರೊಬ್ಬರು ಅದನ್ನು ಕೇಳಿ ರೇಸಿನ ಮೈದಾನಕ್ಕೆ ಕರೆದುಕೊಂಡು ಹೋದರು. ಅದಾಗಿ ಇಪ್ಪತ್ತೊಂಬತ್ತು ವರ್ಷ. ಈಚೆಗೆ ಮೈದಾನದ ಕಾರ್ಯದರ್ಶಿ, "ನಿಮ್ಮ ನಂತರ ಯಾರು? ಒಂದು ಹೆಸರು ಬರೆದು ಕಳಿಸಿ," ಎಂದಿದ್ದರು. ಸಮೀವುಲ್ಲಾ ಧರ್ಮೇಂದ್ರನ ಹೆಸರನ್ನೇ ಬರೆದು ಲಕೋಟೆ ಅಂಟಿಸಿದರು. ಅಂಟಿಸಿ ಆರು ತಿಂಗಳಾಯಿತು. ಅದು ಬೀರುವಿನಲ್ಲೇ ಇತ್ತು. ಅವನಿಗೆ ಅದನ್ನು ಹೇಳಿರಲಿಲ್ಲ.

"ಇನ್ನೊಂದು ಕೇಳ್ಲಾ ಸಾಬ್ರೇ? ಹೋದ ಶನಿವಾರ ಕೊನೇ ರೇಸಲ್ಲಿ ಒಂದು ಕುದ್ರೆ ಅರ್ಧ ಮೈ ಮುಂದಿತ್ತು. ಎರಡೂ ಒಟ್ಗೆ ಬಂದವೆ, ಗೆದ್ದಿದ್ಯಾವ್ದು ಅಂತ ಫೋಟೋ ನೋಡ್ಬೇಕು ಅಂದ್ಬುಟ್ರಲ್ಲ, ಯಾಕೆ?"

ಜಮಖಾನೆಯನ್ನು ಹಗ್ಗಕ್ಕೆ ಹಾಕಿದ್ದ ಶಮೀಮ್ ಕೈಯಲ್ಲಿದ್ದ ಕ್ಲಿಪ್ಪನ್ನು ಹಾಗೇ ಹಿಡಿದು ನಿಂತರು.

"ನಾನು ನಿಂತಿದ್ದ ಕಡೆಯಿಂದ ಅಂಗೆ ಕಾಣ್ತು," ಎಂದು ಸಮೀವುಲ್ಲಾ ಮಾತು ತಿರುಗಿಸಿದರು. "ನಿನ್ ಪ್ರಶ್ನೆ ಅತ್ಲಾಗಿರ್ಲಿ. ಹಗ್ಗ ನೋಡು. ಏಳು ಬಟ್ಟೆ, ಏಳು ಕುದ್ರೆ. ಹತ್ತು ಎಣಿಸೋವರ್ಗೆ ನೋಡಿ ಬೆನ್ನು ತಿರುಗ್ಸಿ ಹೇಳು."

ಧರ್ಮೇಂದ್ರ ನೋಡಿದ, ತಿರುಗಿದ, ಎದೆ ಉಬ್ಬಿಸಿದ. "ಅಗಾ ಹೊಂಟ್ವು ನೋಡ್ರಪ್ಪೋ! ಮುಂದೆ ಬಿಳೀ ಜುಬ್ಬ, ಮಗ್ಗುಲಲ್ಲೇ ಹಳದಿ ದುಪಟ್ಟ..."

"ಯಾ ಅಲ್ಲಾ, ನನ್ ದುಪಟ್ಟನ ಎರಡ್ನೇ ನಂಬರಿಗೆ ತಳ್ಬುಟ್ಟ!" ಶಮೀಮ್ ನಕ್ಕರು.

"ಲೇ, ಎತ್ತಿನ ಗಾಡಿಗೆ ಕೂಗ್ದಂಗೆ ಕೂಗ್ಬ್ಯಾಡ," ಎಂದರು ಸಮೀವುಲ್ಲಾ. " ಎತ್ತಿಗೆ ಹುರುಪು ಬರ್ಲಿ ಅಂತ ಅಲ್ಲಿ ಕೂಗ್ತೀಯ. ಇಲ್ಲಿ ಜನಕ್ಕೆ ಕಾಣದ್ದ ಕಾಣಿಸ್ಬೇಕು."

ಅವನು ದನಿ ತಗ್ಗಿಸಿದ. "ಮೂರನೇದು ಕೆಂಪು ಟವಲ್ಲು, ನಾಕನೇದು ಹಸಿರು ಲಂಗ, ಐದನೇದು ನೀಲಿ ಲುಂಗಿ, ಆಮೇಲೆ ಬೂದಿ ಪ್ಯಾಂಟು, ಕೊನೇಲಿ ಜಮಖಾನೆ."

"ಐದನೇದು ತಪ್ಪು. ಕಪ್ಪು ಲುಂಗಿ," ಎಂದರು ಸಮೀವುಲ್ಲಾ.

ಧರ್ಮೇಂದ್ರ ತಿರುಗಿ ಹಗ್ಗ ನೋಡಿದ. ಶಮೀಮರ ಮುಖ ನೋಡಿದ. ಮತ್ತೆ ಹಗ್ಗ ನೋಡಿದ. ತಲೆ ಕೆರೆದುಕೊಂಡು, "ಬಿಸಿಲು ನೋಡಿ... ನಂಗೇ ಅಂಗ್ ಕಂಡದೆ. ಕಪ್ಪೇ ಇರ್ಬೌದು ಬುಡಿ," ಎಂದ.

ಸಮೀವುಲ್ಲಾ ಸಿಡಿದರು. "ಇರ್ಬೌದು ಅಂದ್ರೇನ್ಲಾ? ಯಾರ ಮುಖ ನೋಡಿ ಮಾತಾಡ್ತಿದೀಯ? ಕಂಡಿದ್ದ ಕಂಡಂಗೆ ಹೇಳ್ಬೇಕು. ಕಾಣ್ದೇ ಇದ್ರೆ ಮೈಕು ಮುಟ್ಬಾರ್ದು!"

ಆಡಿದ ಮಾತು ತಮಗೇ ತಾಗಿದಂತಾಗಿ ಹಗ್ಗದ ಹತ್ತಿರ ಹೋದರು. ಲುಂಗಿಯ ಅಂಚನ್ನು ಕಣ್ಣಿನ ಸಮೀಪ ಹಿಡಿದು ಬೆಳಕಿಗೆ ತಿರುಗಿಸಿದರು, ಇನ್ನೊಂದು ಕಡೆ ತಿರುಗಿಸಿದರು.

"ನೀಲಿ ಕಣ್ರೀ," ಎಂದರು ಶಮೀಮ್ ಮೆಲ್ಲಗೆ. "ಕಣ್ಣಿನ ಪೊರೆಯಲ್ಲ, ನರದ್ದು, ಆಪರೇಷನ್ನಿಂದ ಸರಿಹೋಗಲ್ಲ ಅಂತ ಡಾಕ್ಟ್ರು ಹೇಳಿ ಎಂಟು ತಿಂಗಳಾಯ್ತು. ಇನ್ನೆಷ್ಟು ದಿನ ಮುಚ್ಚಿಡ್ತೀರಿ?"

ಲುಂಗಿಯ ಅಂಚನ್ನು ಬಿಟ್ಟು, ಸಮೀವುಲ್ಲಾ ಧರ್ಮೇಂದ್ರನ ಕಡೆ ತಿರುಗಿದರು. "ಶನಿವಾರದ್ದು ಕೇಳ್ದೆಯಲ್ಲ. ಒಬ್ಬಂದು ನೀಲಿ ಅಂಗಿ, ಇನ್ನೊಬ್ಬಂದು ಕಪ್ಪು. ಯಾರು ಮುಂದೆ ಅಂತ ನಂಗೆ ಗೊತ್ತಾಗ್ಲಿಲ್ಲ. ಅದಕ್ಕೆ ಫೋಟೋ ಅಂದೆ."

ಒಳಗೆ ಹೋಗಿ ಲಕೋಟೆ ತಂದು ಕಟ್ಟೆಯ ಮೇಲೆ ಕೂತು, ಅದನ್ನು ಹರಿದು ಕಾಗದ ತೆಗೆದರು. 'ಮುಂದಿನ ವರ್ಷದಿಂದ' ಎಂದಿದ್ದ ಕಡೆ ಗೀಟು ಹೊಡೆದು, ಮೇಲೆ ದಪ್ಪಕ್ಷರದಲ್ಲಿ 'ಈ ಶನಿವಾರದಿಂದ' ಎಂದು ಬರೆದರು. ಧರ್ಮೇಂದ್ರನ ಕೈಗೆ ಕೊಟ್ಟು ಓದಿಸಿದರು. ಅವನು ಓದುತ್ತಾ ತನ್ನ ಹೆಸರು ಬಂದಲ್ಲಿ ನಿಲ್ಲಿಸಿಬಿಟ್ಟ.

"ಸಾಬ್ರೇ, ಶನಿವಾರಕ್ಕೆ ಮೂರೇ ದಿನ ಐತೆ."

"ನಂಗೆ ಒಂದೇ ದಿನ ಕೊಟ್ಟಿದ್ರು ಕಣ್ಲಾ. ಬೈಕು ತೆಗಿ."

ಅಂಚೆ ಕಚೇರಿಯಲ್ಲಿ ಗುಮಾಸ್ತೆ ಪುಟ್ಟಲಕ್ಷ್ಮಮ್ಮ ಹೊಸ ಲಕೋಟೆಯನ್ನು ತೂಗಿ, ಚೀಟಿ ಅಂಟಿಸಿ, ಮುದ್ರೆ ಒತ್ತಿದಳು. "ನಾಳೆ ಸೇರ್ತದೆ ಬುಡಿ ಸಾಬ್ರೇ," ಎಂದಳು.

"ಟಪಾಲು ಚೀಲ ಎಷ್ಟೊತ್ತಿಗೆ ಹೊರಡ್ತದಮ್ಮ?"

"ಇನ್ನೂ ಮುಕ್ಕಾಲು ಗಂಟೆ ಐತೆ. ನೀವ್ಯಾಕೆ ಕಾಯ್ತೀರಿ?"

ಸಮೀವುಲ್ಲಾ ಬೆಂಚಿನ ಮೇಲೆ ಕೂತರು. ಧರ್ಮೇಂದ್ರನೂ ಪಕ್ಕದಲ್ಲಿ ಕೂತ. ಕೌಂಟರಿನ ಆಚೆ ಪುಟ್ಟಲಕ್ಷ್ಮಮ್ಮ ಸಮೀವುಲ್ಲಾರ ಲಕೋಟೆಯನ್ನೂ ಸೇರಿಸಿ ಕಾಗದಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು. ಕೊನೆಗೆ ಅದರ ಬಾಯಿ ಮಡಚಿ, ಹುರಿಯನ್ನು ಎರಡು ಸುತ್ತು ಸುತ್ತಿ, ಹಲ್ಲಿನಿಂದ ಕಚ್ಚಿ ಗಂಟು ಬಿಗಿದಳು.