ಮತ್ತೊಮ್ಮೆ ಓದಿದ ಆದೇಶ

ದೂರದ ಮಾವೊರಿ ನಾಡಿನ ಪಡುವಣ ಕರಾವಳಿಯ ಆ ಪುಟ್ಟ ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಹೆರಿಗೆ ವಿಭಾಗದವರ ಪರಿಶೀಲನಾ ಸಭೆ. ಮೊದಲು ಮಾವೊರಿ ಭಾಷೆಯ ಪ್ರಾರ್ಥನೆ, ಆಮೇಲೆ ಡಾಕ್ಟರ್ ಫಿನ್ಲೆ ಆರೋಗ್ಯ ಮಂತ್ರಿಗಳ ಆದೇಶ ಓದುತ್ತಾರೆ: ಇಲ್ಲಿ ಆಡಿದ ಮಾತು ಈ ಕೋಣೆ ದಾಟುವಂತಿಲ್ಲ, ಯಾವ ಕೋರ್ಟೂ ಅದನ್ನು ಕೇಳುವಂತಿಲ್ಲ, ಅದನ್ನು ಹಿಡಿದು ಯಾರ ಮೇಲೂ ಕ್ರಮವಿಲ್ಲ. ಅಷ್ಟು ಹೊತ್ತೂ ಎಲ್ಲರ ಕಣ್ಣು ತಿಂಡಿ ತಟ್ಟೆಯ ಮೇಲೆ. ಆದೇಶ ಬಂದ ಆರು ವರ್ಷದಲ್ಲಿ ಅದನ್ನು ಕಿವಿಗೆ ಹಾಕಿಕೊಂಡವರು ಒಬ್ಬರೂ ಇರಲಿಲ್ಲ.

ಇಪ್ಪತ್ತಾರು ವರ್ಷದಿಂದ ಹೆರಿಗೆ ಮಾಡಿಸುತ್ತಿದ್ದ ಹೂರಿಯಾ ಈ ಸಲ ಕೇಳಿಸಿಕೊಂಡಳು. ಮೂರು ವಾರದ ಹಿಂದೆ ಬಾಣಂತಿಯೊಬ್ಬಳ ರಕ್ತಸ್ರಾವ ನಿಲ್ಲಿಸಲು ಹೋಗಿ ಅವಳು ಸಿರಿಂಜಿಗೆ ಎಳೆದದ್ದು ವಾಂತಿ ತಡೆಯುವ ಮದ್ದನ್ನು. ಚುಚ್ಚುವ ಮುನ್ನ ಸೀಸೆಯ ಹೆಸರು ಕಣ್ಣಿಗೆ ಬಿತ್ತು, ಸದ್ಯ. ತಾಯಿಗೂ ಮಗುವಿಗೂ ಏನೂ ಆಗಲಿಲ್ಲ, ಕಂಡವರೂ ಇಲ್ಲ. ಆದರೆ ಹೇಳಿದರೆ ಲೈಸೆನ್ಸ್ ಹೋದೀತು, ಹೇಳದಿದ್ದರೆ ಇನ್ನೊಬ್ಬರ ಕೈ ತಪ್ಪೀತು. ಕೆಲಸವನ್ನೇ ಬಿಡುತ್ತೇನೆಂದು ಗಂಡನಿಗೆ ಹೇಳಿಯಾಗಿತ್ತು.

“ಫಿನ್ಲೆ, ಅದನ್ನ ಇನ್ನೊಂದ್ಸಲ ಓದಿ.”

“ಯಾವ್ದನ್ನ?”

“ಆ ಆದೇಶಾನ. ನಿಧಾನಕ್ಕೆ.”

ಫಿನ್ಲೆ ತಬ್ಬಿಬ್ಬಾಗಿ ಮತ್ತೆ ಓದಿದರು. ಅವರಿಗೂ ಅದು ಅರ್ಥವಾದದ್ದು ಅಂದೇ ಇರಬೇಕು. ಹೂರಿಯಾ ಎಲ್ಲವನ್ನೂ ಹೇಳಿಬಿಟ್ಟಳು.

ಫಿನ್ಲೆ ಕನ್ನಡಕ ತೆಗೆದರು. “ಮೇ ತಿಂಗಳಲ್ಲಿ ನಾನೂ ಅದನ್ನೇ ಎಳೆದಿದ್ದೆ ಕಣಮ್ಮ. ನಾನೊಬ್ಬನೇ ದಡ್ಡ ಅಂದ್ಕೊಂಡಿದ್ದೆ.”

“ನಾನು ಎರಡ್ಸಲ,” ಎಂದಳು ಮೂಲೆಯಿಂದ ನರ್ಸ್ ಇಸ್ಲಾ. “ದೊಡ್ಡೋರೇ ಸುಮ್ನಿದ್ದಾಗ ನಾನ್ಯಾಕೆ ಬಾಯಿ ಬಿಡ್ಲಿ ಅಂತ.”

ಮೂವರೂ ಮುಖ ಮುಖ ನೋಡಿಕೊಂಡರು. ಮೊದಲು ನಕ್ಕವಳು ಹೂರಿಯಾ, ಆಮೇಲೆ ಇಡೀ ಕೋಣೆ. ಒಂದೇ ಅಳತೆಯ, ಒಂದೇ ಬಣ್ಣದ ಚೀಟಿಯ ಎರಡೂ ಮದ್ದಿನ ಸೀಸೆಗಳನ್ನು ಒಂದೇ ಡ್ರಾಯರಿನಲ್ಲಿಟ್ಟು ತಮ್ಮ ಕೈಯನ್ನೇ ಬೈದುಕೊಂಡಿದ್ದರಲ್ಲ! ಮಧ್ಯಾಹ್ನದೊಳಗೆ ಫಿನ್ಲೆಯೇ ವಾಂತಿ ಮದ್ದಿನ ಡಬ್ಬ ಹೊತ್ತು ಬೇರೆ ಕಪಾಟಿಗೆ ಸಾಗಿಸಿದರು.

ಹೂರಿಯಾ ಹಾಡು ಗುನುಗುತ್ತ ಮನೆಗೆ ಬಂದಳು. ಗಂಡ ವಿರೇಮು ಹೊಳೆಯಿಂದ ತಂದ ಮರಿಮೀನಿನ ದೋಸೆಗೆ ಮೊಟ್ಟೆ ಕದಡುತ್ತಿದ್ದ.

“ಏನೇ, ಮೂರು ವಾರದಿಂದ ಮುಖ ಊದಿಸ್ಕೊಂಡಿದ್ದೋಳು. ಸಭೇಲಿ ಏನಾಯ್ತು?”

“ಹೇಳೋ ಹಾಗಿಲ್ಲ. ಕಾನೂನು.”

“ಗಂಡನಿಗೂ?”

“ಗಂಡನಿಗಂತೂ ಹೇಳಲೇ ಬಾರ್ದು.”

ವಿರೇಮು ಬಾಣಲೆ ಒಲೆಗಿಟ್ಟ. ಅವಳತ್ತ ತಿರುಗದೆಯೇ ಕೇಳಿದ: “ಕೆಲಸ ಬಿಡ್ತೀನಿ ಅಂದಿದ್ಯಲ್ಲ. ಅದನ್ನಾದ್ರೂ ಹೇಳಬಹುದಾ?”

“ಅದನ್ನ ಹೇಳಬಹುದು,” ಎಂದಳು ಹೂರಿಯಾ. “ಸೋಮವಾರ ನನಗೆ ಬೆಳಗಿನ ಪಾಳಿ.”