ಮಾವನ ಕಂಪ್ಯೂಟರಿಗೆ ಅಳಿಯ ಹಾಕಿದ ಬೀಗ

ಫಿಸಿಕ್ಸ್ ಮೇಷ್ಟ್ರಿಗೆ, ವಿಂಡೋಸ್ ಬದಲು ಕಂಪ್ಯೂಟರಿಗೆ ಪುಕ್ಕಟೆಯಾಗಿ ಹಾಕಿಕೊಂಡು ಬೇಕಾದಂತೆ ತಿದ್ದಬಹುದಾದ ಲಿನಕ್ಸಿನ ಹುಚ್ಚು ಹಿಡಿದದ್ದು ಮನೆಯವರಿಗೆಲ್ಲ ಗೊತ್ತಿತ್ತು. ಪಕ್ಕದ ಕೋಣೆಗೂ ಹಬ್ಬುತ್ತದೆಂದು ಗೊತ್ತಿರಲಿಲ್ಲ. ಜೊತೆಯಲ್ಲೇ ಇದ್ದ ಹೆಂಡತಿಯ ತಂದೆಯ ಕಂಪ್ಯೂಟರಿಗೂ ಅದನ್ನೇ ಹಾಕಿ, "ಇನ್ಮೇಲೆ ನೀವು ಸ್ವತಂತ್ರರು ಮಾವ" ಅಂದರು. ರೈಲು ಓಡಿಸಿ ನಿವೃತ್ತರಾಗಿದ್ದ ಮಾವನಿಗೆ ಬೇಕಾಗಿದ್ದುದು ಮಧ್ಯಾಹ್ನ ಇಂಟರ್ನೆಟ್ಟಿನಲ್ಲಿ ಚೆಸ್ ಆಡುವುದು, ಅಷ್ಟೇ.

ಆಟದ ನಡುವೆ ಜಾಹೀರಾತು ಬರುತ್ತದೆಂದು ಅವರು ಒಮ್ಮೆ ಗೊಣಗಿದ್ದೇ ತಪ್ಪಾಯಿತು. ಮೇಷ್ಟ್ರು ಅಂಗೈಯಗಲದ ಡಬ್ಬಿಯಂಥ ಕಂಪ್ಯೂಟರೊಂದನ್ನು ತಂದು ಕಪಾಟಿನ ಮೇಲೆ ಕೂರಿಸಿದರು. ಯಾವ ವೆಬ್‌ಸೈಟಿನ ಹೆಸರು ಹೇಳಿದರೂ ಅದರ ವಿಳಾಸದ ನಂಬರು ಹುಡುಕಿಕೊಡುವುದು, ಜಾಹೀರಾತಿನವರ ಹೆಸರಾದರೆ ಗೊತ್ತೇ ಇಲ್ಲ ಅನ್ನುವುದು ಆ ಡಬ್ಬಿಯ ಕೆಲಸ. ಏನೇ ಇದ್ದರೂ ಡಬ್ಬಿಯನ್ನೇ ಕೇಳಬೇಕೆಂದು ಮಾವನ ಕಂಪ್ಯೂಟರಿನ ಫೈಲೊಂದರಲ್ಲಿ ಬರೆದು, ಯಾರೂ ತಿದ್ದದಂತೆ ಆ ಫೈಲಿಗೆ ಬೀಗವನ್ನೂ ಹಾಕಿದರು.

ಚೆಸ್ ಪಂದ್ಯಾವಳಿಯ ಸೆಮಿಫೈನಲ್ ದಿನ ಮಾವ ಕನ್ನಡಕ ಒರೆಸಿಕೊಂಡು ಕೂತರೆ ಸೈಟೇ ತೆರೆಯಲಿಲ್ಲ. ಹಲ್ಲಿನ ಡಾಕ್ಟರಾಗಿದ್ದ ಮಗಳು ಕ್ಲಿನಿಕ್ಕಿನಿಂದ ಊಟಕ್ಕೆ ಬಂದಿದ್ದವಳು ತನ್ನ ಫೋನು ಕೊಡಲು ಹೋದಳು.

"ಸೊಳ್ಳೆಯಷ್ಟಿರೋ ಕುದುರೆ ನನಗೆ ಕಾಣಲ್ಲಮ್ಮ. ನಿನ್ನ ಗಂಡನ್ನ ಕೇಳು."

ಗಂಡ ಆಗ ಕಾಲೇಜಿನ ಸಭಾಂಗಣದಲ್ಲಿ ಇದೇ ಲಿನಕ್ಸ್ ಕುರಿತು ಭಾಷಣ ಬಿಗಿಯುತ್ತಿದ್ದರು. ಹೆಂಡತಿಯ ಫೋನು ಬಂದದ್ದು ಅವರಿಗೆ ಖುಷಿಯೇ ಆಯಿತು. "ನೋಡಿ, ಇಂಥ ತೊಂದರೇನ ನಿಂತಲ್ಲೇ ಬಗೆಹರಿಸಬಹುದು" ಎಂದು ಸಭೆಗೆ ಹೇಳಿ, ಸ್ಪೀಕರ್ ಹಾಕಿ ಮೈಕಿನ ಹತ್ತಿರ ಹಿಡಿದರು.

ಮೊದಲು ಕೇಬಲ್ ಕೀಳಿಸಿ ಹಾಕಿಸಿದರು. ಆಮೇಲೆ ಕಂಪ್ಯೂಟರನ್ನು ಆಫ್ ಮಾಡಿಸಿ ಆನ್ ಮಾಡಿಸಿದರು. ಮಧ್ಯೆ ಇಂಟರ್ನೆಟ್ ಕಂಪನಿಯವರ ಅಯೋಗ್ಯತನದ ಬಗ್ಗೆ ಸಭೆಗೆ ನಾಲ್ಕು ಮಾತು. ಕೊನೆಗೆ ಕಂಪ್ಯೂಟರಿನೊಳಗಿನ ನೆಟ್‌ವರ್ಕ್ ಕಾರ್ಡೇ ಸುಟ್ಟುಹೋಗಿದೆಯೆಂದು ತೀರ್ಪು ಕೊಟ್ಟರು.

ಮದುವೆಯಾದಂದಿನಿಂದ ಊಟದ ಜೊತೆ ಇದೇ ಪಾಠ ನುಂಗುತ್ತ ಬಂದಿದ್ದ ಹೆಂಡತಿ ಒಪ್ಪಲಿಲ್ಲ. "ಕಾರ್ಡು ಸುಟ್ಟಿಲ್ಲ ಕಣ್ರೀ. ಸೈಟಿನ ನಂಬರು ಕೊಟ್ಟು ಇದೀಯಾ ಅಂತ ಪಿಂಗ್ ಮಾಡಿದ್ರೆ ಉತ್ತರ ಬರ್ತಿದೆ, ಹೆಸರು ಕೊಟ್ರೆ ಬರ್ತಿಲ್ಲ. ಹೆಸರು ಹುಡುಕಿಕೊಡೋದು ನಿಮ್ಮ ಡಬ್ಬಿ ತಾನೇ? ಕಪಾಟಿನ ಮೇಲೆ ಅದು ಕಾಣ್ತಾನೇ ಇಲ್ಲ."

ಸಭೆಗೆ ತೋರಿಸಲೆಂದು ಬೆಳಿಗ್ಗೆ ಮೇಷ್ಟ್ರು ತಾವೇ ಚೀಲಕ್ಕೆ ಹಾಕಿಕೊಂಡು ಬಂದಿದ್ದ ಡಬ್ಬಿ ಎದುರಿನ ಮೇಜಿನ ಮೇಲೆ, ಹೂಗುಚ್ಛದ ಪಕ್ಕದಲ್ಲಿ ಕೂತಿತ್ತು. ಮುಂದಿನ ಸಾಲಿನವರು ಮೊದಲು ಅದನ್ನು ನೋಡಿದರು, ಆಮೇಲೆ ಅವರನ್ನು.

"ಹೋಗ್ಲಿ, ನಿಮ್ಮ ಫೈಲಲ್ಲಿ ಡಬ್ಬಿ ಬದಲು ಇಂಟರ್ನೆಟ್ ಕಂಪನಿಯವರ ರೌಟರಿನ ವಿಳಾಸ ಬರೀತೀನಿ, ಅದೂ ಹೆಸರು ಹುಡುಕಿಕೊಡುತ್ತೆ," ಅಂದಳು ಹೆಂಡತಿ. ಸ್ವಲ್ಪ ಹೊತ್ತಾದ ಮೇಲೆ, "ಈ ಫೈಲು ತಿದ್ದೋಕೆ ಬಿಡ್ತಿಲ್ಲ ರೀ."

"ಅದಕ್ಕೆ ಬೀಗ ಹಾಕಿದೀನಿ."

"ಯಾರಿಗೆ ಹೆದರಿ?"

ಸಭೆ ಗೊಳ್ಳೆಂದಿತು. ಬೀಗ ತೆಗೆಯುವ ಕಮಾಂಡನ್ನು ಮೇಷ್ಟ್ರು ಮಗ್ಗಿ ಒಪ್ಪಿಸುವಂತೆ ಅಕ್ಷರ ಅಕ್ಷರವಾಗಿ ಮೈಕಿನಲ್ಲಿ ಹೇಳಬೇಕಾಯಿತು. ಸೈಟು ತೆರೆಯಿತು. ಅಷ್ಟರಲ್ಲಿ ಪಂದ್ಯಾವಳಿಯವರು, ಮಾವ ಆಟಕ್ಕೆ ಬರಲೇ ಇಲ್ಲವೆಂದು, ಎದುರಾಳಿಯನ್ನು ಗೆಲ್ಲಿಸಿಬಿಟ್ಟಿದ್ದರು.

ಸಂಜೆ ಚಪ್ಪಲಿ ಬಿಡುತ್ತಲೇ ಮೇಷ್ಟ್ರು, "ಇದನ್ನ ಸೋಲು ಅನ್ಕೋಬಾರದು ಮಾವ, ಅನುಭವ ಅನ್ಕೋಬೇಕು" ಅಂದರು.

"ಸರಿಯಾಗಿ ಹಂಚಿಕೆಯಾಗಿದೆ ಅಳಿಯಂದಿರೇ. ಅನುಭವ ನಿಮಗೆ, ಸೋಲು ನನಗೆ. ಅಂದ ಹಾಗೆ, ನನ್ನ ಕಂಪ್ಯೂಟರಿನ ಪಾಸ್‌ವರ್ಡ್ ಬದಲಾಯಿಸಿದೀನಿ. ಮಗಳು ತೋರಿಸಿಕೊಟ್ಟಳು."

ಅಂದಿನಿಂದ ಮೇಷ್ಟ್ರು ಕೈಕಟ್ಟಿಕೊಂಡು ಮಾವನ ಕುರ್ಚಿಯ ಹಿಂದೆ ಸುಳಿದಾಡುತ್ತಾರೆ. "ಒಂದೇ ಒಂದು ಲೈನು ತಿದ್ದಿದ್ರೆ ಇನ್ನೂ ಜೋರಾಗಿ ಓಡುತ್ತೆ ಮಾವ" ಅನ್ನುತ್ತಾರೆ.

ಮಾವ ತಿರುಗಿ ನೋಡುವುದಿಲ್ಲ. "ಬೆಳಕಿಗೆ ಅಡ್ಡ ನಿಂತಿದೀರಿ, ಸ್ವಲ್ಪ ಸರೀರಿ" ಅನ್ನುತ್ತಾ ಆನೆ ನಡೆಸುತ್ತಾರೆ.