ಈರುಳ್ಳಿ ಮಂಡಿಯ ಮಹಡಿಯಲ್ಲಿ ಹೂಂ ಅಂದದ್ದು

ನಮ್ಮ ಬ್ಯಾಂಡಿಗೆ ಇದ್ದದ್ದು ಒಂದೇ ನಿಯಮ. ಅದೂ ನಮ್ಮಜ್ಜಿಯಿಂದ ಕದ್ದದ್ದು.

ಚಂದಕವಾಡಿಯಲ್ಲಿ ನಮ್ಮಜ್ಜಿ ಮೂಗಮ್ಮ ಕತೆ ಹೇಳುವಾಗ ಯಾರಾದರೊಬ್ಬರು ಹೂಂಗುಟ್ಟಲೇಬೇಕಿತ್ತು. ಒಂದು ಮಾತು ಮುಗಿದರೆ ಒಂದು ಹೂಂ. ಹೂಂ ಬಾರದಿದ್ದರೆ ಅವಳು ಅಲ್ಲಿಗೇ ನಿಲ್ಲಿಸಿ, ರಾಜಕುಮಾರಿಯನ್ನು ಬಾವಿಯೊಳಗೇ ಬಿಟ್ಟು, ಎಲೆಯಡಿಕೆ ಚೀಲದ ಕಡೆ ಕೈ ಚಾಚುತ್ತಿದ್ದಳು. ನಿದ್ದೆ ಎಳೆಯುತ್ತಿದ್ದರೂ ನಾನು ಕಣ್ಣು ಮುಚ್ಚಿಕೊಂಡೇ ಹೂಂ ಅನ್ನುತ್ತಿದ್ದೆ. ರಾಜಕುಮಾರಿ ಬೆಳಗಿನ ತನಕ ನೀರಿನಲ್ಲಿ ನೆನೆಯುತ್ತ ನಿಲ್ಲುವುದನ್ನು ನೆನೆದರೆ ನನಗೇ ಮೈ ನಡುಗುತ್ತಿತ್ತು.

ದೊಡ್ಡವಳಾಗಿ ಚಾಮರಾಜನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದೆ. ಭಾನುವಾರ ಬಂದರೆ ತೆರಕಣಾಂಬಿ ದಾರಿಯ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋಗುತ್ತಿದ್ದೆ. ಅಲ್ಲಿ ರೇವಂತನ ದೊಡ್ಡಪ್ಪ ಪುಟ್ಟಮಾದಯ್ಯನವರ ಈರುಳ್ಳಿ ಮಂಡಿ. ಅದರ ಮಹಡಿಯಲ್ಲಿ ‘ಚೆಕ್‌ಪೋಸ್ಟ್’ ಎಂಬ ನಮ್ಮ ರಾಕ್ ಬ್ಯಾಂಡಿನ ತಾಲೀಮು. ರೇವಂತ ಗಿಟಾರು, ಸೋಮೇಶ ಬೇಸು, ಕೇರಳಕ್ಕೆ ತರಕಾರಿ ಲಾರಿ ಓಡಿಸುವ ನಿಂಗರಾಜು ಡ್ರಮ್ಸು, ನಾನು ಹಾಡು. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದೆವು. ಎಷ್ಟು ಗುಡಿಸಿದರೂ ಈರುಳ್ಳಿ ಸಿಪ್ಪೆ ನೆಲದ ಮೇಲೆ ಸರಸರ ಓಡಾಡುತ್ತಿತ್ತು.

ಹಾಡು ಕಟ್ಟುವವರು ಮಾತ್ರ ಇಬ್ಬರೇ, ನಾನು ಮತ್ತು ರೇವಂತ. ಪದ ಹೆಚ್ಚಾಗಿ ನನ್ನದು, ಮಟ್ಟು ಹೆಚ್ಚಾಗಿ ಅವನದು. ಒಬ್ಬರು ಒಂದು ಸಾಲು ಹೇಳಬೇಕು. ಇನ್ನೊಬ್ಬರು ಹೂಂ ಅಂದರೆ ಸಾಲು ಉಳಿಯಿತು, ಸುಮ್ಮನಿದ್ದರೆ ಸತ್ತಿತು. ಯಾಕೆ ಅಂತ ಕೇಳುವಂತಿಲ್ಲ, ವಾದಿಸುವಂತಿಲ್ಲ. ತನ್ನ ಸಾಲಿಗೆ ತಾನೇ ಹೂಂ ಅನ್ನುವಂತಿಲ್ಲ. ಎರಡು ವರ್ಷದಲ್ಲಿ ಹೀಗೆ ಹುಟ್ಟಿದ್ದು ನಾಲ್ಕೇ ಹಾಡು. ಆದರೆ ಆ ನಾಲ್ಕರಲ್ಲಿ ಯಾವುದು ಅವನದು, ಯಾವುದು ನನ್ನದು ಎಂದು ನಮಗೇ ಬಿಡಿಸಲಾಗುತ್ತಿರಲಿಲ್ಲ. ನಮ್ಮಿಬ್ಬರ ಬಗ್ಗೆ ಜನ ಏನೇನೋ ಅಂದುಕೊಂಡಿದ್ದರು. ಅದಾವುದೂ ಇರಲಿಲ್ಲ. ಆ ಮಹಡಿಯಲ್ಲಿ ಇಬ್ಬರಲ್ಲಿ ಒಬ್ಬಳಾಗಿರುವುದು ಬಿಟ್ಟರೆ ನನಗೆ ಬೇರೇನೂ ಬೇಕಿರಲಿಲ್ಲ.

ಚಾಮರಾಜನಗರದ ಒಂದು ಕಾಲೇಜಿನಲ್ಲಿ ನುಡಿಸಿ ಬಂದ ಮೇಲೆ ತಕ್ಕಡಿ ವಾಲಿತು. ಅವತ್ತು ಹುಡುಗರು ನಮ್ಮ ಪದಗಳನ್ನು ಹಾಡಿಕೊಂಡೇ ಗೇಟು ದಾಟಿದರು, ಆದರೆ ಬೇರೆ ಯಾವುದೋ ಮಟ್ಟಿನಲ್ಲಿ. ಸಾಮಾನು ಕಟ್ಟುವಾಗ ಸೋಮೇಶ ರೇವಂತನನ್ನು ಕೆಣಕಿದ: “ಪದ ಅವ್ಳ್ದು, ಜನ ಎತ್ಕಂಡೋದ್ರು. ನಿಂದೇನ್ಲಾ, ಬರೀ ಸದ್ದು.”

ರೇವಂತ ನಕ್ಕ. ಆದರೆ ಮುಂದಿನ ಭಾನುವಾರ ನಾನು ಹೇಳಿದ ಹನ್ನೊಂದು ಸಾಲಿಗೂ ಅವನ ಬಾಯಿಂದ ಹೂಂ ಬರಲಿಲ್ಲ. ಗಿಟಾರಿನ ತಂತಿಯನ್ನು ಉಗುರಿನಿಂದ ಕೆರೆಯುತ್ತ, ನೆಲ ನೋಡುತ್ತ ಕೂತಿದ್ದ. ಮೈಸೂರಿನಲ್ಲೊಂದು ಕಾರ್ಯಕ್ರಮ ಸಿಕ್ಕಿತ್ತು, ಅವರಿಗೆ ತಿಂಗಳೊಳಗೆ ಐದನೆಯ ಹಾಡಿನ ರೆಕಾರ್ಡಿಂಗ್ ಕಳಿಸಬೇಕಿತ್ತು. ಹನ್ನೊಂದು ಸಾಲೂ ಕೆಟ್ಟವಾಗಿರಲು ಸಾಧ್ಯವಿಲ್ಲ ಎಂದು ನಾನು ಬಸ್ಸಿನುದ್ದಕ್ಕೂ ಯೋಚಿಸಿದೆ. ಹೊಟ್ಟೆಕಿಚ್ಚು ಎಂದು ತೀರ್ಮಾನಿಸಿಕೊಂಡೆ.

ಬುಧವಾರ ರಜೆ ಹಾಕಿ ಒಬ್ಬಳೇ ಹೋದೆ. ರೇವಂತ ಲೋಡಿನ ಜೊತೆ ಕೇರಳದ ಬತ್ತೇರಿಗೆ ಹೋಗಿರುವುದು ಗೊತ್ತಿತ್ತು. ಪುಟ್ಟಮಾದಯ್ಯನವರು ಬೀಗದ ಕೈ ಕೊಡುತ್ತ, “ಒಬ್ಳೇ ಬಂದ್ಯೇನವ್ವಾ? ಮ್ಯಾಲೆ ಇಲಿ ಅವೆ. ಅವ್ಕೂ ನಿಮ್ ಹಾಡು ಕೇಳಿ ಕೇಳಿ ಸಾಕಾಗ್ಯದೆ,” ಅಂದರು.

ನೆತ್ತಿ ಸುಡುವ ಮಧ್ಯಾಹ್ನ. ಕೆಳಗೆ ಹಮಾಲಿಗಳು ಲಾರಿಯ ನೆರಳಲ್ಲಿ ಮಲಗಿದ್ದರು. ಫೋನನ್ನು ಒಂದು ಚೀಲದ ಮೇಲೆ ನಿಲ್ಲಿಸಿ ರೆಕಾರ್ಡಿಂಗ್ ಒತ್ತಿ, ಆ ಹನ್ನೊಂದು ಸಾಲನ್ನೇ ತೋಚಿದ ಮಟ್ಟಿನಲ್ಲಿ ಒಂದೊಂದಾಗಿ ಹಾಡಿದೆ. ಅಭ್ಯಾಸಬಲ, ಪ್ರತಿ ಸಾಲಿನ ಕೊನೆಗೆ ರೇವಂತ ಹೂಂ ಅನ್ನಲು ಬೇಕಾಗುವಷ್ಟು ಹೊತ್ತು ಸುಮ್ಮನಾಗುತ್ತಿದ್ದೆ. ಆ ಹೊತ್ತಿನಲ್ಲಿ ಸಿಪ್ಪೆ ಸರಿದಾಡುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಹಾಡಿ ಮುಗಿಸಿ, ಇಯರ್‌ಫೋನ್ ಹಾಕಿಕೊಂಡು ಕೇಳಿದೆ.

ಬಾಗಿಲಿಗೆ ಬೆನ್ನು ಕೊಟ್ಟು ಕೂತಿದೆ ಊರು.

ಹೂಂ.

ಬಂದವರ ಹೆಸರನ್ನು ಗಾಳಿ ಕೇಳಲಿಲ್ಲ.

ಹೂಂ.

ತುಟಿ ತೆರೆಯದೆ ಅಂದ ಹೂಂ. ಗಂಡಿನದೋ ಹೆಣ್ಣಿನದೋ ತಿಳಿಯುವಂತಿರಲಿಲ್ಲ. ನನ್ನ ದನಿಗಿಂತಲೂ ಫೋನಿಗೆ ಹತ್ತಿರವಿತ್ತು. ಕಿಟಕಿಯಿಂದ ಬಗ್ಗಿ ನೋಡಿದೆ. ಹಮಾಲಿಗಳು ಅಲುಗಾಡಿರಲಿಲ್ಲ. ಮತ್ತೆ ಹಾಡಿ, ಮತ್ತೆ ಕೇಳಿದೆ. ಅದೇ ಜಾಗಗಳಲ್ಲಿ ಅದೇ ಹೂಂ. ಆರನೆಯ ಸಾಲಿಗೆ ಮಾತ್ರ ಎರಡು ಸಲವೂ ಏನೂ ಇರಲಿಲ್ಲ. ಆ ಸಾಲು, ಚಂದಿರನ ಮಡಿಲಲ್ಲಿ ಕನಸಿನ ತೊಟ್ಟಿಲು ಅಂತ. ಅದು ಸತ್ತ ಸಾಲೆಂದು ಬರೆಯುವಾಗಲೇ ನನಗೆ ಗೊತ್ತಿತ್ತು, ಆದರೂ ಸೇರಿಸಿದ್ದೆ.

ನನಗೆ ಭಯವಾಗಬೇಕಿತ್ತು. ಆದದ್ದು ಖುಷಿ. ಹನ್ನೊಂದು ಸಾಲು ಹೇಳಿ ಮೂಗಿಯಂತೆ ಎದ್ದು ಬಂದವಳಿಗೆ ಯಾರೋ ಪೂರಾ ಕಿವಿ ಕೊಟ್ಟಿದ್ದರು. ಆರನೆಯ ಸಾಲು ಬದಲಾಯಿಸಿದೆ. ಮೂರನೆಯ ಸಲಕ್ಕೆ ಅದಕ್ಕೂ ಹೂಂ ಬಂತು. ಮೂರು ಗಂಟೆಯ ಹೊತ್ತಿಗೆ ಹಾಡು ಮುಗಿದಿತ್ತು. ಬೀಗದ ಕೈ ಹಿಂದಿರುಗಿಸುವಾಗ ಪುಟ್ಟಮಾದಯ್ಯನವರ ಜೊತೆ ನಾನು ನಗುನಗುತ್ತಲೇ ಮಾತಾಡಿದೆ.

ಭಾನುವಾರ ಅದನ್ನು ಎಲ್ಲರೆದುರು ಹಾಡಿದೆ. ಸೋಮೇಶ ಎರಡನೆಯ ಚರಣಕ್ಕೇ ಬೇಸು ಎತ್ತಿಕೊಂಡ. ನಿಂಗರಾಜು ಕಡ್ಡಿ ಹಿಡಿದು ಕಣ್ಣು ಮುಚ್ಚಿದ. ರೇವಂತ ಕೊನೆಯ ತನಕ ಕೇಳಿ ಒಂದೇ ಮಾತು ಕೇಳಿದ.

“ಹೂಂ ಯಾರಂದ್ರು?”

“ಯಾರೂ ಇಲ್ಲ. ನಾನೇ ಕಟ್ಟಿದ್ದು,” ಅಂದೆ.

ಅವನು ಗಿಟಾರನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ಯಾವ ಸ್ವರ ಬೇಕು ಹೇಳು, ನುಡಿಸುತ್ತೇನೆ ಅಂದ. ದುಡಿಮೆಗೆ ಬಂದವನು ಗುದ್ದಲಿ ಎಲ್ಲಿದೆ ಎಂದು ಕೇಳಿದ ಹಾಗಿತ್ತು. ಅಂದಿನಿಂದ ಅವನು ಒಂದು ಮಟ್ಟನ್ನೂ ಮುಂದಿಡಲಿಲ್ಲ. ಐದನೆಯ ಹಾಡು ಮೈಸೂರಿಗೆ ಹೋಯಿತು, ಅಲ್ಲಿಂದ ಚೆನ್ನಾಗಿದೆ ಎಂದು ಫೋನೂ ಬಂತು. ನನಗೆ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಕೊನೆಗೆ ಊರಿಗೆ ಹೋಗಿ ಅಜ್ಜಿಗೆ ಎಲ್ಲ ಹೇಳಿದೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದವಳು ಬೊಗಸೆಯಲ್ಲಿದ್ದುದನ್ನು ಮೊರಕ್ಕೆ ಸುರಿದಳು.

“ಯಾರ ಹೂಂ ಅನ್ನಾದೂ ಗೊತ್ತಿಲ್ದೆ ಈಸ್ಕಂಡು ಬಂದ್ಬುಟ್ಯಾ?”

“ಬರೀ ಹೂಂ ಅಂತು ಅಜ್ಜಿ. ಬೇರೇನೂ ಮಾಡ್ಲಿಲ್ಲ.”

“ಹೂಂ ಅನ್ನೋರು ಸುಮ್ಕೆ ಅಂತಾರೇನಮ್ಮಿ? ನಿಂದಾದ್ಮೇಲೆ ಅವ್ರ ಸರದಿ. ಅವ್ರು ಹೇಳ್ತಾರೆ, ನೀನು ಕೇಳ್ಬೇಕು.”

ಅದು ಏನು ಹೇಳುತ್ತದೆ ಎಂದು ಕೇಳಿದೆ. ಅಜ್ಜಿ ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ. ಚಿಕ್ಕಂದಿನಲ್ಲಿ ಬಾವಿಯ ಕಟ್ಟೆಯ ಮೇಲೆ ಬಗ್ಗಿದಾಗ ಹಾಗೆ ನೋಡುತ್ತಿದ್ದಳು. ಆ ಅಟ್ಟ ಹತ್ತಬೇಡ ಎಂದಷ್ಟೇ ಹೇಳಿ, ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ನಾನು ಹತ್ತಿದೆ. ಲ್ಯಾಬಿನಲ್ಲಿ ಇಡೀ ದಿನ ಸೀಸೆಗಳ ಮೇಲೆ ಹೆಸರು ಅಂಟಿಸುವಾಗಲೂ ಆ ಹೂಂ ಕಿವಿಯೊಳಗೇ ಇರುತ್ತಿತ್ತು. ಅದು ಮತ್ತೆ ಬೇಕಾಗಿತ್ತು. ಇನ್ನೊಂದು ಹಾಡು ಸಿಕ್ಕರೆ ರೇವಂತನ ಹೆಸರಿನಲ್ಲೇ ಹಾಕಿ, ಅವನನ್ನು ಸಮಾಧಾನ ಮಾಡಬಹುದು ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಮತ್ತೆ ಬುಧವಾರ, ಮತ್ತೆ ಮಧ್ಯಾಹ್ನ. ಒಂದು ಸಾಲು ಹಾಡಿ, ಕಾದು, ರೆಕಾರ್ಡಿಂಗ್ ಕೇಳಿದೆ. ನನ್ನ ಸಾಲಾಯಿತು. ಹೂಂ ಬರಲಿಲ್ಲ. ನಿಲ್ಲಿಸಲು ಬೆರಳು ಎತ್ತಿದ್ದೆ, ಅಷ್ಟರಲ್ಲಿ ಮುಚ್ಚಿದ ತುಟಿಯೊಳಗಿಂದ ಒಂದು ಮಟ್ಟು ಎದ್ದಿತು.

ಅದರಲ್ಲಿ ಪದವಿರಲಿಲ್ಲ. ಮೆಟ್ಟಿಲು ಹತ್ತುವವರು ಯಾವುದೋ ಸದ್ದಿಗೆ ಅರ್ಧದಲ್ಲಿ ನಿಂತು, ಹಿಂತಿರುಗಿ ನೋಡಿ, ಇನ್ನೊಂದು ಮೆಟ್ಟಿಲು ಹತ್ತಿದ ಹಾಗೆ ಅದು ಏರಿತು. ಮುಗಿಯುವ ಜಾಗಕ್ಕಿಂತ ಸ್ವಲ್ಪ ಮೊದಲೇ ನಿಂತಿತು. ಅಷ್ಟು ಒಳ್ಳೆಯ ಮಟ್ಟನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅದಾದ ಮೇಲೆ ಮೌನ. ಆ ಮೌನದ ಅಳತೆ ನನಗೆ ಚೆನ್ನಾಗಿ ಗೊತ್ತಿತ್ತು, ಒಬ್ಬರು ಹೂಂ ಅನ್ನಲು ಬೇಕಾಗುವಷ್ಟು. ಅದು ಕಾಯುತ್ತಿತ್ತು.

ನನ್ನ ಗಂಟಲಿನ ತನಕ ಹೂಂ ಬಂದಿತ್ತು. ಅಂಗೈಯಿಂದ ಬಾಯಿ ಒತ್ತಿ ಹಿಡಿದೆ. ಒಮ್ಮೆ ಅಂದರೆ ನಾನು ಅದರ ಜೊತೆಗಾತಿ, ರೇವಂತ ಪೂರ್ತಿ ಹೊರಗೆ. ಇಷ್ಟು ಮಾತ್ರ ಆ ಗಳಿಗೆಯಲ್ಲಿ ಸ್ಪಷ್ಟವಾಗಿ ಹೊಳೆಯಿತು. ಬಾಯಿ ಮುಚ್ಚಿಕೊಂಡೇ ಮೆಟ್ಟಿಲಿಳಿದು, ಬೀಗ ಹಾಕುವುದನ್ನೂ ಮರೆತು, ಬಸ್ ಸ್ಟ್ಯಾಂಡಿನ ತನಕ ಹಾಗೇ ನಡೆದೆ. ದಾರಿಯಲ್ಲಿ ಜನ ನನಗೆ ಹಲ್ಲುನೋವೆಂದು ತಿಳಿದಿರಬೇಕು.

ಭಾನುವಾರ ಉಳಿದವರಿಗಿಂತ ಒಂದು ಗಂಟೆ ಮೊದಲು ಬರುವಂತೆ ರೇವಂತನಿಗೆ ಹೇಳಿದೆ. ಎಲ್ಲ ಒಪ್ಪಿಕೊಂಡೆ. ನಾನು ಸುಳ್ಳು ಹೇಳಿದ್ದನ್ನು, ಅವನಿಲ್ಲದೆಯೂ ಆಗುತ್ತದೆ ಎಂದು ತೋರಿಸಲು ಹೊರಟಿದ್ದನ್ನು, ಇನ್ನು ಮುಂದೆ ಅವನು ಹನ್ನೊಂದಲ್ಲ ನೂರು ಸಾಲಿಗೆ ಸುಮ್ಮನಿದ್ದರೂ ನಾನು ಬೇರೆಯವರ ಹೂಂ ಕೇಳುವುದಿಲ್ಲ ಎಂಬುದನ್ನು. ಅವನು ಮೊದಲು ನಂಬಲಿಲ್ಲ. ಅವತ್ತು ಕಾಲೇಜಿನಿಂದ ಬಂದ ಮೇಲೆ ತನಗೇ ತನ್ನ ಕಿವಿಯ ಮೇಲೆ ನಂಬಿಕೆ ಹೋಗಿತ್ತು, ಅದಕ್ಕೇ ಹೂಂ ಬರಲಿಲ್ಲ, ಹೊಟ್ಟೆಕಿಚ್ಚೇನಲ್ಲ ಅಂದ. ಅದನ್ನು ಆ ದಿನವೇ ಹೇಳಿದ್ದರೆ ಎಂದು ನನಗೆ ಅಳು ಬಂತು.

ಫೋನು ಕೊಟ್ಟೆ. ಅವನು ಚೀಲದ ಮೇಲೆ ಕೂತು, ಇಯರ್‌ಫೋನ್ ಸಿಕ್ಕಿಸಿಕೊಂಡು ಮೊದಲನೆಯ ರೆಕಾರ್ಡಿಂಗ್ ಪೂರಾ ಕೇಳಿದ.

“ಇದು ನಂಗಿಂತ ಚೆಂದಾಗಿ ಕೇಳ್ತದೆ ಕಣಮ್ಮಿ,” ಅಂದ. ಕೋಪವಿರಲಿಲ್ಲ.

ಎರಡನೆಯದನ್ನು ಹಾಕಿಕೊಂಡ. ಆ ಮಟ್ಟು ಶುರುವಾದದ್ದು ನನಗೆ ಅವನ ಮುಖದಲ್ಲೇ ಗೊತ್ತಾಯಿತು. ಹಣೆಯ ಗೆರೆಗಳು ಒಂದೊಂದಾಗಿ ಸಡಿಲಾದವು. ಬೆರಳುಗಳು ಇಲ್ಲದ ತಂತಿಯ ಮೇಲೆ ನಡೆದವು. ಮಟ್ಟು ಮುಗಿಯುವ ಜಾಗ ಬಂದಾಗ, ಬೇಡ ರೇವಂತ ಎಂದು ನಾನು ಅವನ ತೋಳು ಹಿಡಿಯಲು ಮುಂದೆ ಬಗ್ಗಿದೆ.

“ಹೂಂ,” ಅಂದ ರೇವಂತ.

ಎಷ್ಟೋ ವಾರದಿಂದ ನಾನು ಕಾದಿದ್ದ ಹೂಂ ಅದು. ನನಗೆ ಬಂದದ್ದಲ್ಲ.

ಅವನು ಇಯರ್‌ಫೋನ್ ಕಿತ್ತಿಟ್ಟ. ಮಟ್ಟಿನ ಮುಂದಿನ ಸಾಲು ಫೋನಿನಿಂದ ಬರಲಿಲ್ಲ. ಮೊಟ್ಟೆ ಟ್ರೇ ಕಳಚಿ ಬಿದ್ದಿದ್ದ ಬಾಗಿಲ ಬದಿಯ ಮೂಲೆಯಿಂದ ಬಂತು, ಹಗಲು ಬೆಳಕಿನಲ್ಲಿ, ನಾವಿಬ್ಬರೂ ಕೇಳುವ ಹಾಗೆ. ರೇವಂತ ಗಿಟಾರು ಎತ್ತಿಕೊಂಡು ಅದಕ್ಕೆ ಜೋಡಿ ಸಾಲು ನುಡಿಸಿದ. ಮೂಲೆ ಹೂಂ ಅಂತು. ಅದೊಂದು ಸಾಲು, ಇವನೊಂದು ಸಾಲು. ಅವನ ಕೈ ಅಷ್ಟು ಹಗುರವಾಗಿ ಓಡಿದ್ದನ್ನು ಎರಡು ವರ್ಷದಲ್ಲಿ ನಾನು ನೋಡಿರಲಿಲ್ಲ. ಎಲ್ಲಿಯೂ ತಡವರಿಕೆಯಿಲ್ಲ. ಅಷ್ಟು ಒಳ್ಳೆಯ ಜೋಡಿ. ನಾನು ಸಿಪ್ಪೆಯ ನಡುವೆ, ಯಾರೋ ಕೆಳಗಿಟ್ಟು ಮರೆತ ಸಾಮಾನಿನಂತೆ ನಿಂತಿದ್ದೆ.

ಮೆಟ್ಟಿಲ ಮೇಲೆ ನಿಂಗರಾಜುವಿನ ಚಪ್ಪಲಿ ಸದ್ದಾಯಿತು. ಬಾಗಿಲಿನ ತನಕ ಬಂದವನು ಒಳಗೆ ಕಾಲಿಡಲಿಲ್ಲ. ಯಾವಾಗಲೂ ಏನಾದರೊಂದು ತಮಾಷೆ ಮಾಡಿಕೊಂಡೇ ಬರುವವನು, ಚೌಕಟ್ಟು ಹಿಡಿದು ನಿಂತು ಸಣ್ಣ ದನಿಯಲ್ಲಿ ನನ್ನನ್ನೇ ಕೇಳಿದ.

“ಒಳ್ಗೆ ಇನ್ಯಾರವ್ರೆ? ಮೂರು ಜನ ಉಸ್ರಾಡ್ತಾವ್ರಲ್ಲ.”

ಅವನು ಕೆಳಗೆ ಲಾರಿ ಹತ್ತಿರ ಇರುತ್ತೇನೆ ಎಂದು ಗೊಣಗಿ, ಹಿಂದೆ ಹಿಂದೆಯೇ ಇಳಿದ.

ರೇವಂತ ನುಡಿಸುವುದು ನಿಲ್ಲಿಸಿ ನನ್ನ ಕಡೆ ತಿರುಗಿದ. ಮುಖ ಬೆವರಿತ್ತು, ಕಣ್ಣು ಹೊಳೆಯುತ್ತಿತ್ತು. ಇದಕ್ಕೆ ಪದ ಬೇಕು ತೇಜು, ಒಂದು ಸಾಲು ಹೇಳು ಅಂದ. ಮೊದಲಿನ ಹಾಗೆಯೇ, ಏನೂ ಆಗಿಲ್ಲವೆಂಬಂತೆ ಕೇಳಿದ. ಇನ್ನೂ ಜಾಗವಿದೆ ಎಂದು ನನಗೆ ಅನ್ನಿಸಿತು. ಒಳ್ಳೆಯ ಸಾಲು ಕೊಟ್ಟರೆ ಅವನು ಹೂಂ ಅನ್ನುತ್ತಾನೆ, ಅಂದರೆ ನಾವು ಮತ್ತೆ ಇಬ್ಬರು. ಬಸ್ಸಿನಲ್ಲಿ ಬರುವಾಗ ಹೊಳೆದದ್ದೊಂದಿತ್ತು. ಅದಕ್ಕಿಂತ ಒಳ್ಳೆಯದು ನನ್ನಲ್ಲಿರಲಿಲ್ಲ. ಆ ಮಟ್ಟಿಗೆ ಕೂರಿಸಿ, ದನಿ ನಡುಗದ ಹಾಗೆ ಹಾಡಿದೆ.

ಇಳಿಯೋ ಊರು ಮರೆತೋರು ಬಸ್ಸಲ್ಲೇ ಉಳಿದೋರು.

ಹಾಡಿ ರೇವಂತನ ತುಟಿಯನ್ನೇ ನೋಡಿದೆ. ಅವನು ನನ್ನ ಕಡೆ ನೋಡುತ್ತಿರಲಿಲ್ಲ. ಕತ್ತು ಹೊರಳಿಸಿ, ಉಸಿರು ಬಿಗಿಹಿಡಿದು, ಮೂಲೆ ಹೂಂ ಅನ್ನುತ್ತದೆಯೇ ಎಂದು ಕಿವಿ ಕೊಟ್ಟಿದ್ದ.

ಸ್ವಲ್ಪ ಹೊತ್ತಿಗೆ ನಾನೂ ಅತ್ತ ತಿರುಗಿದೆ.